ಮೊದಲು ಒಣಗುವ ಸಾಲು

ಲಾ ಪಲೊಮಾ ಮರತೋಟ, ಕಿಯೊತಾ
9 ಜೂನ್ 1986

ಅಬೆಲಾರ್ದೊ ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ. ಮರಗಳು ಚೆನ್ನಾಗಿಲ್ಲ. ಅದಕ್ಕೇ ಈ ಕಾಗದ. ರೇಡಿಯೊದಲ್ಲಿ ಮಾತಾಡಬಹುದಿತ್ತು, ಆದರೆ ನಾನಿಲ್ಲಿ ಕೆಮ್ಮಿದರೂ ಅದು ದ್ವೀಪದ ಪ್ರತಿ ಅಡುಗೆಮನೆಗೆ ಕೇಳಿಸುತ್ತದೆ. ಮೊದಲು ನಿನಗೊಬ್ಬನಿಗೇ ತಿಳಿಯಲಿ.

ನಮ್ಮ ತೋಟದಲ್ಲಿ ಪೂರ್ವದ ಬೇಲಿಗೆ ಹೊಂದಿಕೊಂಡು ದ್ವೀಪದ ಸಾಲು ಎಂದು ಒಂದಿದೆ. ಹದಿನಾಲ್ಕು ನರನ್ಹಿಯೊ ಮರಗಳು. ನಿನ್ನ ಶೆಡ್ಡಿನ ಹಿಂದೆ, ಕಣಿವೆಯಲ್ಲಿ ಇರುವ ಅದೇ ಮರ. ಅದು ಕಾಡಾಗಿ ಬೆಳೆಯುವುದು ನಮ್ಮ ದ್ವೀಪದಲ್ಲಿ ಮಾತ್ರ ಎನ್ನುವುದನ್ನು ನಿನಗೆ ಹೇಳಬೇಕಿಲ್ಲ.

ಮೇ ಕೊನೆಯಲ್ಲಿ ಮೂರನೆಯ ಮರದ ತುದಿ ಜೋತುಬಿತ್ತು. ನೀರು ಸಾಲದಾಯಿತೇನೋ ಎಂದುಕೊಂಡೆ. ಒಂದು ವಾರದಲ್ಲಿ ಇಡೀ ಮರ ಕಂದಿತು. ಕಾಂಡದ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ತೂತುಗಳು. ಪ್ರತಿ ತೂತಿನಿಂದ ಬಿಳಿ ಮರಹಿಟ್ಟು ಹಲ್ಲುಕಡ್ಡಿಯ ಹಾಗೆ ಹೊರಚಾಚಿತ್ತು, ಉಫ್ ಎಂದರೆ ಉದುರುವಷ್ಟು ಸಣ್ಣಗೆ. ಕೊಯ್ದು ನೋಡಿದೆ. ಒಳಗೆ ಎಳ್ಳಿಗಿಂತ ಚಿಕ್ಕ ದುಂಬಿ. ಅದು ಕೊರೆದ ದಾರಿಯ ಸುತ್ತ ಮರ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ದುಂಬಿ ತನ್ನ ಜೊತೆ ಒಂದು ಬೂಷ್ಟನ್ನು ತರುತ್ತದೆ, ಬೂಷ್ಟು ಮರದ ನೀರಿನ ದಾರಿಯನ್ನು ಕಟ್ಟುತ್ತದೆ. ಈವರೆಗೆ ಮೂರು ಮರ ಸತ್ತಿವೆ.

ಆಮೇಲೆ ಸುತ್ತಲಿನ ಪೆವುಮೊ ಮರಗಳನ್ನು ನೋಡಿದೆ. ಅವು ಈ ಖಂಡದ್ದೇ ಮರಗಳು. ಅವುಗಳಲ್ಲೂ ಅದೇ ತೂತು, ಅದೇ ದುಂಬಿ, ಆದರೆ ಒಂದು ಎಲೆಯೂ ಬಾಡಿಲ್ಲ. ಹುಳ ಎಷ್ಟು ವರ್ಷದಿಂದ ಇದೆಯೋ ಯಾರಿಗೂ ಗೊತ್ತಿಲ್ಲ. ದ್ವೀಪದ ಸಾಲು ಇಲ್ಲಿ ಇರದಿದ್ದರೆ ಇನ್ನೂ ಗೊತ್ತಾಗುತ್ತಿರಲಿಲ್ಲ.

ಇನ್ನು ಹೇಳಲೇಬೇಕಾದದ್ದು. ಮಾರ್ಚ್ ಹಡಗಿನಲ್ಲಿ ನಿನಗೆ ಕಳುಹಿಸಿದ ಇಪ್ಪತ್ತೆರಡು ಬಾಗುಮರಗಳು ಆ ಸಾಲಿನ ಪಕ್ಕದಲ್ಲೇ ಕಡಿದ ಪೆವುಮೊ ಕೊಂಬೆಗಳು. ನಾನೇ ಆರಿಸಿದೆ. ದೋಣಿಯ ಪಕ್ಕೆಲುಬಿಗೆ ಹುಟ್ಟಿನಿಂದಲೇ ಬಾಗಿದ ಕೊಂಬೆ ಬೇಕು, ತೊಗಟೆ ಸುಲಿದರೆ ದಾರಿಯಲ್ಲಿ ಸೀಳುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಿತ್ತು. ತೊಗಟೆ ಸಮೇತ ಕಳುಹಿಸಿದೆ. ಖಂಡದಲ್ಲಿ ಹುಟ್ಟಿದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಅವರಿಗೆ ಅಷ್ಟು ಗೊತ್ತೇ ಇರುವುದಿಲ್ಲ.

ನೋಡು. ತೂತಿದ್ದರೆ ಸುಡು. ಈಗಿನ ಚಳಿಗಾಲದಲ್ಲಿ ದುಂಬಿ ಒಳಗೇ ಕೂತಿರುತ್ತದೆ. ಸೆಪ್ಟೆಂಬರ್ ಕೊನೆಗೆ ಬಿಸಿಲು ಏರಿದ ಮೇಲೆ ಹಾರುತ್ತದೆ.

ನಿನ್ನ ತಂಗಿ
ದೆಲ್ಫಿನಾ


ಸಾನ್ ಹ್ವಾನ್ ಬೌತಿಸ್ತಾ, ಹ್ವಾನ್ ಫೆರ್ನಾಂದೆಸ್ ದ್ವೀಪ
2 ಜುಲೈ

ದೆಲ್ಫಿನಾ,

ನಾಲ್ಕು ವರ್ಷದಲ್ಲಿ ನೀನು ಒಂದು ಕಾಗದ ಬರೆದೆ. ಅದರಲ್ಲೂ ಸುಡು ಎಂದೇ ಬರೆದೆ.

ಈ ದೋಣಿ ಯಾರದ್ದು ಎಂದು ನಿನಗೆ ಗೊತ್ತಿರಲಿ. ನನ್ನ ಮಗಳು ನಿದಿಯಾ, ಅವಳ ಗಂಡ ಎರ್ನಾನ್ ಇಬ್ಬರದ್ದು. ಫೆಬ್ರವರಿಯ ಅಲೆಗೆ ಅವರ ದೋಣಿ ಬಂಡೆಗೆ ಬಡಿದು ಚೂರಾಯಿತು. ಅಕ್ಟೋಬರ್ ಒಂದಕ್ಕೆ ಸಿಗಡಿ ಹಂಗಾಮು ಶುರು. ಆ ದಿನ ನೀರಿಗಿಳಿಯುವ ದೋಣಿ ಇಲ್ಲದಿದ್ದರೆ ಮುಂದಿನ ಮೇ ತನಕ ಅವರು ಇನ್ನೊಬ್ಬರ ದೋಣಿಯಲ್ಲಿ ಬುಟ್ಟಿ ಎಳೆಯಬೇಕು. ನಿನ್ನ ಬಾಗುಮರದಲ್ಲಿ ಹದಿನೆಂಟನ್ನು ಕೂರಿಸಿಯಾಗಿದೆ. ನಾಲ್ಕು ಮಿಕ್ಕಿವೆ. ಹಲಗೆ ಅರ್ಧ ಏರಿದೆ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ ಬಾಗು ನನ್ನ ಕೈಗೆ ಸಿಕ್ಕಿರಲಿಲ್ಲ. ಇದನ್ನು ನಿನಗೆ ಮೊದಲೇ ಬರೆಯಬೇಕಿತ್ತು. ಬರೆಯಲಿಲ್ಲ.

ಒಂದೊಂದನ್ನೂ ಕೈಯಿಂದ ಸವರಿ ನೋಡಿದೆ. ತೂತಿಲ್ಲ.

ನಿನ್ನ ಕಾಗದವನ್ನು ನಿದಿಯಾಳಿಗೆ ಓದಿ ಹೇಳಿದೆ. "ಅತ್ತೇನೇ ಕೊಟ್ಟು ಅತ್ತೇನೇ ಸುಡು ಅಂದ್ರೆ ಅದೆಂಥಾ ಉಡುಗೊರೆ ಅಪ್ಪಾ? ಅಜ್ಜಿ ಮಣ್ಣಿಗೂ ಬರಲಿಲ್ಲ, ಈಗ ದೋಣಿ ದಹನಕ್ಕೆ ಬರ್ತಾಳಂತಾ?" ಎಂದಳು. ಬಾಯಿ ಮುಚ್ಚು ಎಂದೆ. ಆದರೆ ಅವಳು ಹೇಳಿದ್ದನ್ನು ಬರೆಯದೆ ಬಿಡಲೂ ಮನಸ್ಸಾಗಲಿಲ್ಲ.

ಇದು ಇನ್ಯಾರಿಗೆ ಗೊತ್ತು? ಅಷ್ಟನ್ನು ಬರೆ.

ಅಬೆಲಾರ್ದೊ


ಲಾ ಪಲೊಮಾ
19 ಜುಲೈ

ಅಣ್ಣಾ,

ಸತ್ತ ಮರಗಳು ಈಗ ಆರು.

ಕೈಯಿಂದ ಸವರಿದರೆ ಗೊತ್ತಾಗುವುದಿಲ್ಲ. ಹಿಟ್ಟಿನ ಕಡ್ಡಿ ನಿನ್ನ ಕೈಗೇ ಉದುರಿ ಹೋಗುತ್ತದೆ, ತೂತು ಮರದ ಬಣ್ಣದಲ್ಲಿ ಅಡಗುತ್ತದೆ. ಹೀಗೆ ಮಾಡು. ಸಂಜೆ ಪಕ್ಕೆಲುಬುಗಳನ್ನು ಬಟ್ಟೆಯಿಂದ ಒರೆಸು. ಕೆಳಗೆ ಕಪ್ಪು ಬಟ್ಟೆ ಹಾಸು. ಎರಡು ದಿನ ಯಾರೂ ಮುಟ್ಟಬಾರದು. ಮೂರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ, ಗಾಳಿ ಆಡುವ ಮುನ್ನ, ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡು. ಹುಳ ಜೀವಂತವಾಗಿದ್ದರೆ ಹೊಸ ಹಿಟ್ಟು ಬಿದ್ದಿರುತ್ತದೆ.

ಯಾರಿಗೆ ಗೊತ್ತು ಎಂದು ನೀನು ಕೇಳಿದೆ. ಸಾಲು ಸಾಯುತ್ತಿರುವುದು ನಮ್ಮ ಮೇಲಧಿಕಾರಿ ದೊನ್ ಗಾಸ್ತೊನ್‌ಗೆ ಗೊತ್ತು. ಕಡಿದ ಪೆವುಮೊ ಎಲ್ಲಿ ಹೋಯಿತು ಎಂದು ಮೊನ್ನೆ ಕೇಳಿದರು.

"ಸೌದೆಗೆ ಹೋಯ್ತು," ಎಂದೆ.

"ಎಲ್ಲಾನೂ?"

"ಎಲ್ಲಾನೂ."

ಅವರು ಪುಸ್ತಕದಲ್ಲಿ ಹಾಗೇ ಬರೆದುಕೊಂಡರು. ಇಪ್ಪತ್ತು ವರ್ಷದಲ್ಲಿ ಆ ಪುಸ್ತಕಕ್ಕೆ ನಾನು ಕೊಟ್ಟ ಮೊದಲ ಸುಳ್ಳು ಇದು. ನಿನ್ನ ಉತ್ತರ ಬರುವ ತನಕ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಮ್ಮನ ವಿಷಯ. ಮೂರು ದಿನ ವಿಮಾನ ಏಳಲಿಲ್ಲ. ನಾಲ್ಕನೆಯ ದಿನ ಎದ್ದಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ನಾನು ಹತ್ತಲಿಲ್ಲ. ಹತ್ತಬೇಕಿತ್ತು.

ದೆಲ್ಫಿನಾ


ಸಾನ್ ಹ್ವಾನ್ ಬೌತಿಸ್ತಾ
6 ಆಗಸ್ಟ್

ದೆಲ್ಫಿನಾ,

ಕಪ್ಪು ಬಟ್ಟೆಯ ಮೇಲೆ ಹಿಟ್ಟು ಬಿದ್ದಿದೆ. ಮೊದಲು ಕಂಡವಳು ನಿದಿಯಾ. ದೀಪವನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತಳು. ಏಳು ಪಕ್ಕೆಲುಬಿನಲ್ಲಿ ಕಡ್ಡಿ ಕಂಡಿತು. ಉಳಿದವುಗಳಲ್ಲಿ ಇಲ್ಲವೆಂದು ಪ್ರಮಾಣ ಮಾಡಲಾರೆ.

ಸುಡುವುದಿಲ್ಲ. ನನ್ನ ಮಾತು ಕೇಳು. ಅಪ್ಪನ ಕಾಲದಲ್ಲಿ ಮರವನ್ನು ಕೊಲ್ಲಿಯಲ್ಲಿ ಕಲ್ಲು ಹೇರಿ ಮುಳುಗಿಸಿ ಇಡುತ್ತಿದ್ದರು, ಉಪ್ಪು ಕುಡಿದ ಮರಕ್ಕೆ ಹುಳ ಬೀಳದು ಎಂದು. ಈಗ ಬೀಳಬಾರದು ಎನ್ನುವ ಬದಲು ಸಾಯಲಿ ಎನ್ನೋಣ. ಅರ್ಧ ಕಟ್ಟಿದ ದೋಣಿಯನ್ನು ಹಾಗೇ ನಾಲ್ಕು ಮಾರು ಆಳದಲ್ಲಿ ಮುಳುಗಿಸುತ್ತೇನೆ. ಮಿಕ್ಕ ನಾಲ್ಕನ್ನೂ ಅದರೊಳಗೆ ಕಟ್ಟುತ್ತೇನೆ. ಎಷ್ಟು ದಿನ ಬೇಕು? ಅದನ್ನು ಎಣಿಸಿ ಹೇಳುವವಳು ನೀನು.

ಇಲಾಖೆಗೆ ಬರೆಯಬೇಡ. ಅವರು ಬಂದರೆ ದಿನ ಎಣಿಸುವುದಿಲ್ಲ, ಸೀಮೆಎಣ್ಣೆ ಸುರಿಯುತ್ತಾರೆ.

ಅಬೆಲಾರ್ದೊ


ಲಾ ಪಲೊಮಾ
27 ಆಗಸ್ಟ್

ಅಣ್ಣಾ,

ನಿನ್ನ ಕಾಗದ ಹದಿನಾಲ್ಕಕ್ಕೆ ವಿಮಾನದಲ್ಲಿ ಬಂತು. ಹದಿನೈದಕ್ಕೆ ತೋಟದ ಲಾರಿಯಲ್ಲಿ ಕಡಲಿಗೆ ಹೋಗಿ ಹಾಲಿನ ಕ್ಯಾನುಗಳಲ್ಲಿ ಉಪ್ಪುನೀರು ತಂದೆ. ಸತ್ತ ನರನ್ಹಿಯೊ ಮತ್ತು ಪೆವುಮೊ ತುಂಡುಗಳನ್ನು ಪೀಪಾಯಿಗಳಲ್ಲಿ ಮುಳುಗಿಸಿ ಮೇಲೆ ಕಲ್ಲು ಇಟ್ಟೆ. ಐದನೆಯ ದಿನ ಐದು ತುಂಡು ಸೀಳಿದೆ. ನಲವತ್ತು ದುಂಬಿ ಸಿಕ್ಕವು, ಮೂವತ್ತೊಂದು ಕಾಲಾಡಿಸಿದವು. ಹತ್ತನೆಯ ದಿನ ಮೂವತ್ತೆಂಟರಲ್ಲಿ ಹನ್ನೆರಡು. ಕಡಿಮೆಯಾಗುತ್ತಿದೆ, ಆದರೆ ಸೊನ್ನೆ ಆಗಿಲ್ಲ. ದೋಣಿಯನ್ನು ಎತ್ತಬೇಡ.

ರಾತ್ರಿಯೆಲ್ಲ ಇನ್ನೊಂದು ವಿಷಯ ಕೊರೆಯಿತು. ಪಕ್ಕೆಲುಬು ಕೂರಿಸುವ ಮುನ್ನ ತೊಗಟೆ ಸುಲಿದಿರುತ್ತೀಯ. ಬಾಚಿಯಲ್ಲಿ ಕೆತ್ತಿರುತ್ತೀಯ. ಆ ತೊಗಟೆ, ಆ ಚಕ್ಕೆ ಎಲ್ಲಿವೆ?

ಒಲೆಗೆ ಹಾಕಿದೆ ಎಂದು ಬರೆ.

ದೆಲ್ಫಿನಾ


ಸಾನ್ ಹ್ವಾನ್ ಬೌತಿಸ್ತಾ
5 ಸೆಪ್ಟೆಂಬರ್

ದೆಲ್ಫಿನಾ,

ದೋಣಿ ಆಗಸ್ಟ್ ಹನ್ನೊಂದರಿಂದ ನೀರಿನಡಿ ಇದೆ. ನೀರು ತಿಳಿಯಾದ ದಿನ ಮೇಲಿಂದ ಕಾಣುತ್ತದೆ. ಹೋಗಿ ಬರುವವರಿಗೆಲ್ಲ ಅದೇ ತಮಾಷೆ. "ಅಬೆಲಾರ್ದೊ ಈಗ ಮೀನುಗಳಿಗೆ ದೋಣಿ ಕಟ್ಟಿಕೊಡ್ತಾನಂತೆ, ಮುಂಗಡ ಕೊಟ್ಟಿದಾವಾ?" ಎನ್ನುತ್ತಾರೆ. ಮರ ಹದ ಮಾಡುತ್ತಿದ್ದೇನೆ ಎನ್ನುತ್ತೇನೆ. ಮುದುಕರು ನಂಬುವುದಿಲ್ಲ. ಹದವನ್ನು ಕಟ್ಟುವ ಮುಂಚೆ ಮಾಡುತ್ತಾರೆ ಎಂದು ಅವರಿಗೆ ಗೊತ್ತು.

ಚಕ್ಕೆ ಒಲೆಗೆ ಹೋಯಿತು, ತೊಗಟೆ ಹೋಗಲಿಲ್ಲ. ಮೂರು ಮೂಟೆಯನ್ನು ಮೇ ತಿಂಗಳಲ್ಲಿ ಎತೆಲ್ವಿನಾ ಚಿಕ್ಕಮ್ಮನಿಗೆ ಕೊಟ್ಟಿದ್ದೆ, ಕೋಳಿಗೂಡಿನ ನೆಲಕ್ಕೆ. ಅವಳ ಗೂಡು ಕಣಿವೆಯ ಬಾಯಲ್ಲಿದೆ, ನರನ್ಹಿಯೊ ಮರಗಳ ಕೆಳಗೆ. ನಿನ್ನ ಕಾಗದ ಓದಿದವನೇ ಓಡಿದೆ.

"ಆ ತೊಗಟೆ ವಾಪಸ್ ಕೊಡು ಚಿಕ್ಕಮ್ಮಾ. ಹೇನು ಬಿದ್ದಿದೆ."

"ಹೇನು ಕೋಳಿಗೋ, ನಿನ್ನ ತಲೆಗೋ?"

"ಗೂಡೇ ಸುಡ್ಬೇಕು. ಹೊಸದು ಕಟ್ಟಿಕೊಡ್ತೀನಿ."

"ಕಟ್ಟಿ ಆಮೇಲೆ ಕಡಲಿಗೆ ಹಾಕ್ತೀಯಾ? ಹೋಗೋ! ನಿಮ್ಮವ್ವ ಇದ್ದಿದ್ರೆ ಕಿವಿ ಹಿಂಡ್ತಿದ್ಲು."

ಆದರೂ ಕೋಳಿಗಳನ್ನು ಹೊರಗೆ ಬಿಟ್ಟಳು. ಗೂಡನ್ನು ನೆಲದ ಮಣ್ಣಿನ ಸಮೇತ ಸುಟ್ಟೆ. ಎರಡೂವರೆ ಮೂಟೆಗೆ ಲೆಕ್ಕ ಸಿಕ್ಕಿತು. ಇನ್ನರ್ಧವನ್ನು ಜಾರದಿರಲಿ ಎಂದು ಜೂನ್ ಮಳೆಯಲ್ಲಿ ಕಣಿವೆಯ ಕಾಲುದಾರಿಗೆ ಚೆಲ್ಲಿದ್ದಾಳೆ. ಇನ್ನೂರು ಹೆಜ್ಜೆ ಉದ್ದಕ್ಕೆ. ಎರಡೂ ಕಡೆ ಮರಗಳೇ. ನಾಲ್ಕು ದಿನ ಮೊಣಕಾಲೂರಿ ಆರಿಸಿದೆ. ಅರ್ಧ ಕೆಸರಿನಲ್ಲಿ ಹೂತಿದೆ, ಅರ್ಧ ಹಳ್ಳಕ್ಕೆ ಕೊಚ್ಚಿಹೋಗಿದೆ.

ಇನ್ನೊಂದು ತಿಂಗಳು ಸುಮ್ಮನಿರು. ದೋಣಿ ಮೇಲೆ ಬರಲಿ. ಕಣಿವೆಯನ್ನು ನಾನು ದಿನಾ ನೋಡುತ್ತೇನೆ.

ಅಬೆಲಾರ್ದೊ


ಲಾ ಪಲೊಮಾ
15 ಸೆಪ್ಟೆಂಬರ್

ಅಣ್ಣಾ,

ಸುಮ್ಮನಿರಲಿಲ್ಲ. ಇವತ್ತು ಬೆಳಿಗ್ಗೆ ದೊನ್ ಗಾಸ್ತೊನ್ ಬಳಿ ಹೋಗಿ, ಸೌದೆಗೆ ಹೋಯಿತು ಎಂದದ್ದು ಸುಳ್ಳು ಎಂದೆ. ಮರ ಎಲ್ಲಿಗೆ ಹೋಯಿತು, ಯಾರು ಕಳುಹಿಸಿದರು, ಈಗ ಎಲ್ಲಿದೆ, ಎಲ್ಲ ಹೇಳಿದೆ. ಅವರೆದುರೇ ಅರಣ್ಯ ಇಲಾಖೆಗೆ ಬರೆದು ಸಹಿ ಹಾಕಿದೆ, ಅವರೇ ಅದನ್ನು ಮಧ್ಯಾಹ್ನದೊಳಗೆ ಕಚೇರಿಗೆ ಮುಟ್ಟಿಸಿದರು. ನಿನ್ನನ್ನು ಕೇಳಿ ಬರೆಯಬೇಕಿತ್ತು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಿನ್ನ ಬೇಡವನ್ನು ಮೀರಿ ಬರೆಯುವುದು ಇನ್ನೂ ಕಷ್ಟವಾಗುತ್ತಿತ್ತು.

ದೋಣಿಯಷ್ಟೇ ಆಗಿದ್ದರೆ ಕಾಯುತ್ತಿದ್ದೆನೋ ಏನೋ. ಇನ್ನೂರು ಹೆಜ್ಜೆ ದಾರಿಯನ್ನು ಒಬ್ಬ ಮನುಷ್ಯ ನೋಡಲಾರ. ನಾನು ಇಲ್ಲಿ ಹದಿನಾಲ್ಕೇ ಮರಗಳ ನಡುವೆ ದಿನವಿಡೀ ಓಡಾಡುವವಳು. ಆದರೂ ಮೊದಲ ತೂತು ಬಿದ್ದಾಗ ನನಗೆ ಕಾಣಲಿಲ್ಲ, ಎಲೆ ಬಾಡಿದ ಮೇಲೆ ಕಂಡಿತು. ನಿನ್ನ ಕಣಿವೆಯಲ್ಲಿ ಎಲೆ ಬಾಡುವ ತನಕ ಕಾದರೆ ಅಷ್ಟರಲ್ಲಿ ದುಂಬಿ ಮುಂದಿನ ಮರಕ್ಕೆ ಹಾರಿರುತ್ತದೆ.

ಇಲಾಖೆಗೆ ಹತ್ತನೆಯ ದಿನದ ತನಕದ ಎಣಿಕೆ ಕೊಟ್ಟಿದ್ದೆ. ಸಂಜೆ ಬಂದು ಇವತ್ತಿನ ತುಂಡುಗಳನ್ನು ಸೀಳಿದೆ. ನಿನ್ನೆಗೆ ಮೂವತ್ತು ದಿನ. ಸಣ್ಣ ತುಂಡುಗಳಲ್ಲಿ ಎಲ್ಲ ಸತ್ತಿವೆ. ಎಲ್ಲಕ್ಕಿಂತ ದಪ್ಪ ತುಂಡಿನ ನಡುವೆ ಎರಡು ಬದುಕಿದ್ದವು. ಉಪ್ಪುನೀರು ಅಲ್ಲಿಗೆ ಇಳಿದಿಲ್ಲ. ಈ ಲೆಕ್ಕ ಸದ್ಯಕ್ಕೆ ನಿನಗೊಬ್ಬನಿಗೇ ಗೊತ್ತಿರುತ್ತದೆ, ಇಲಾಖೆಯವರು ನಾಳೆ ಬೆಳಿಗ್ಗೆಯ ವಿಮಾನಕ್ಕೆ ಸಿದ್ಧರಾಗುತ್ತಿದ್ದಾರೆ. ಈ ಕಾಗದವೂ ಅದರಲ್ಲೇ ಬರುತ್ತದೆ.

ನಿದಿಯಾಳಿಗೆ ಏನು ಹೇಳಬೇಕೋ ನನಗೆ ತಿಳಿಯದು.

ದೆಲ್ಫಿನಾ


ಸಾನ್ ಹ್ವಾನ್ ಬೌತಿಸ್ತಾ
9 ಅಕ್ಟೋಬರ್

ದೆಲ್ಫಿನಾ,

ಬಂದವರು ಇಬ್ಬರು. ಒಬ್ಬ ಹುಡುಕಾಟದ ಸಾಮಾನು ಹೊರುವವನು. ಇನ್ನೊಬ್ಬಳು ಸಿಲ್ವಿಯಾ ಎನ್ನುವ ಅಧಿಕಾರಿ, ಮಾತು ಕಡಿಮೆ. ನಿನ್ನ ಕಾಗದವನ್ನು ಅವಳೇ ನನ್ನ ಕೈಗೆ ಕೊಟ್ಟಳು, ಒಳಗೇನಿದೆ ಎಂದು ಕೇಳಲಿಲ್ಲ. ಅಂದು ಓದಿ, ಎರಡು ದಿನ ನಿನ್ನ ಹೆಸರನ್ನು ಬಾಯಲ್ಲಿ ಎತ್ತಲಿಲ್ಲ.

ಶಾಲೆಯಲ್ಲಿ ಊರು ಕೂಡಿತು. ಅಧಿಕಾರಿ ಮಾತಾಡುವ ಮುಂಚೆ ನಾನೇ ಎದ್ದು ಹೇಳಿದೆ. ಬಾಗುಮರ, ಹುಳ, ದೋಣಿ, ತೊಗಟೆ. ಹೇನು ಎಂದದ್ದೂ ಸುಳ್ಳು ಎಂದೆ. ಆಮೇಲೆ ಎತೆಲ್ವಿನಾ ಚಿಕ್ಕಮ್ಮ, "ನೋಡ್ರೋ, ನನ್ನ ಕೋಳಿ ಮಾನ ಉಳೀತು," ಎಂದಳು. ಕೆಲವರು ನಕ್ಕರು, ಎಲ್ಲರೂ ನಗಲಿಲ್ಲ. ಎರ್ನಾನ್‌ನ ಅಪ್ಪ ಎದ್ದು ಹೊರಗೆ ಹೋದರು.

ಮರುದಿನದಿಂದ ಅರವತ್ತು ಜನ ಕಣಿವೆಗೆ ಇಳಿದರು. ಮನೆಗೆ ಇಷ್ಟು ಮರ ಎಂದು ಹಂಚಿಕೊಂಡೆವು. ಕಪ್ಪು ಬಟ್ಟೆ ಸಾಲದೆ ಹೆಂಗಸರು ಶೋಕದ ಶಾಲುಗಳನ್ನು, ಹಳೆಯ ಲಂಗಗಳನ್ನು ಹರಿದು ಬುಡಕ್ಕೆ ಕಟ್ಟಿದರು. ಆರನೆಯ ಬೆಳಿಗ್ಗೆ ಚಿಕ್ಕಮ್ಮನ ಪಾಲಿನ ಮರವೊಂದರಲ್ಲಿ ಎರಡು ಕಡ್ಡಿ. ಎಲೆ ಹಸಿರಾಗಿತ್ತು. ಅಲ್ಲೇ ಕಡಿದು ಅಲ್ಲೇ ಸುಟ್ಟೆವು. ಒಬ್ಬನೇ ನೋಡಿದ್ದರೆ ನನಗೆ ಕಾಣುತ್ತಿರಲಿಲ್ಲ. ನೀನು ಬರೆದದ್ದು ಸರಿ. ಇದನ್ನು ಒಂದೇ ಸಲ ಬರೆಯುತ್ತೇನೆ.

ಅಕ್ಟೋಬರ್ ಎರಡಕ್ಕೆ ದೋಣಿ ಎತ್ತಿದೆವು. ಐವತ್ತೆರಡು ದಿನ. ಅಧಿಕಾರಿ ತನಗೆ ತೋಚಿದ ನಾಲ್ಕು ಪಕ್ಕೆಲುಬು ಆರಿಸಿ ಕೊಯ್ಯಿಸಿದಳು. ದುಂಬಿ ಇದ್ದವು, ಎಲ್ಲ ಸತ್ತಿದ್ದವು. ಗಾಜು ಹಿಡಿದು ಒಂದೊಂದನ್ನೂ ಮೊನೆಯಿಂದ ತಿವಿದು ನೋಡಿದಳು. "ನಾಲ್ಕು ಬದಲಾಯಿಸಿ, ಹಲಗೆ ಮುಗಿಸಿ, ಹತ್ತು ದಿನದಲ್ಲಿ ನೀರಿಗೆ ಇಳಿಸಬಹುದು," ಎಂದಳು. ಹಂಗಾಮಿಗೆ ಎರಡು ವಾರ ತಡವಾದರೂ ದೋಣಿ ಉಳಿಯಿತೆಂದು ದಡದಲ್ಲಿ ಜನ ಕೂಗಿದರು. ಎರ್ನಾನ್ ನನ್ನನ್ನು ಅಪ್ಪಿಕೊಂಡ. ನಿದಿಯಾ ಆಗಲೇ ಹಲಗೆಯ ಪಾಚಿ ಕೆರೆಯುತ್ತಿದ್ದಳು.

ನಿನ್ನ ಕಾಗದ ಜೇಬಿನಲ್ಲಿತ್ತು. ದಪ್ಪ ತುಂಡಿನ ನಡುವೆ ಎರಡು. ಅಧಿಕಾರಿ ಆರಿಸಿದ ನಾಲ್ಕೂ ಹಿಂಭಾಗದವು, ತೆಳ್ಳಗಿನವು. ಮೂತಿಯ ಹತ್ತಿರದ ಜೋಡಿ ನನ್ನ ತೋಳಿನಷ್ಟು ದಪ್ಪ. ಅದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಸುಮ್ಮನಿದ್ದರೆ ಮುಗಿಯುತ್ತಿತ್ತು. ತಂಗೀ, ಸುಮ್ಮನಿದ್ದೆ ಕೂಡ, ಎಷ್ಟು ಹೊತ್ತು ಎಂದು ಕೇಳಬೇಡ.

ಗರಗಸ ತೆಗೆದುಕೊಂಡೆ. ನಿದಿಯಾ ತಲೆಯೆತ್ತಿದಳು. "ಎಲ್ಲಿಗಪ್ಪಾ? ನೋಡಿ ಆಯ್ತಲ್ಲ."

"ಇದೊಂದು ಬಾಕಿ."

"ಅವ್ರು ಕೇಳಿಲ್ವಲ್ಲ!"

"ನಾನು ಕೇಳ್ತಿದೀನಿ."

ಮೂತಿಯ ಪಕ್ಕೆಲುಬನ್ನು ಕೊಯ್ದೆ. ನಡುಮರ ನೀರು ತಾಗದೆ ಒಣಗಿದ ಹಾಗೇ ಇತ್ತು. ಮೂರು ದುಂಬಿ. ಎರಡು ಸತ್ತಿದ್ದವು. ಮೂರನೆಯದು ನನ್ನ ಉಗುರಿನ ಮೇಲೆ ನಡೆಯಿತು.

ಅಧಿಕಾರಿ ಸೀಮೆಎಣ್ಣೆಯ ಡಬ್ಬಿ ಮುಟ್ಟಲಿಲ್ಲ. ನಿದಿಯಾ ಕೆರೆಯುವ ಉಳಿಯನ್ನು ಕೆಳಗಿಟ್ಟು, ದೋಣಿಯ ಸುತ್ತ ಒಂದು ಸಲ ನಡೆದು, ಎರ್ನಾನ್‌ಗೆ, "ತಗೊಂಬಾ," ಎಂದಳು. ಬೆಂಕಿ ಇಟ್ಟವಳು ಅವಳೇ. ಒದ್ದೆ ಮರ ಎರಡು ದಿನ ಉರಿಯಿತು. ಎರ್ನಾನ್ ಈಗ ಇನ್ನೊಬ್ಬರ ದೋಣಿಯಲ್ಲಿ ಹೋಗುತ್ತಾನೆ.

ನಿನ್ನ ಕೆಲಸ ಏನಾಯಿತು?

ಅಬೆಲಾರ್ದೊ


ಲಾ ಪಲೊಮಾ
3 ನವೆಂಬರ್

ಅಣ್ಣಾ,

ಕಾಗದವನ್ನು ಮೂರು ಸಲ ಓದಿದೆ. ನಿದಿಯಾಳಿಗೆ ಬೇರೆಯಾಗಿ ಬರೆದಿದ್ದೇನೆ. ಅವಳು ಉತ್ತರಿಸಬೇಕಿಲ್ಲ.

ದೊನ್ ಗಾಸ್ತೊನ್ ನನ್ನನ್ನು ತೆಗೆಯಲಿಲ್ಲ. ಮರದ ಅಂಗಳದ ಬೀಗದ ಕೈಯನ್ನು ವಾಪಸ್ ತೆಗೆದುಕೊಂಡರು. ತೋಟದಿಂದ ಈಗ ಒಂದು ಕಡ್ಡಿಯೂ ಅವರ ಸಹಿ ಇಲ್ಲದೆ ಹೊರಗೆ ಹೋಗುವುದಿಲ್ಲ. ನ್ಯಾಯವೇ.

ದ್ವೀಪದ ಸಾಲು ಮುಗಿಯಿತು. ಹದಿನಾಲ್ಕನ್ನೂ ಕಡಿದು ಸುಟ್ಟೆವು. ನಿನ್ನೆ ಆ ಜಾಗದಲ್ಲಿ ನಿಂತು ಒಂದು ಯೋಚನೆ ಬಂತು. ಖಂಡದಲ್ಲಿ ನಾಳೆ ಇನ್ಯಾವುದೋ ಹುಳ, ಇನ್ಯಾವುದೋ ಬೂಷ್ಟು ಬರುತ್ತದೆ. ಇಲ್ಲಿನ ಮರಗಳು ಸಹಿಸಿಕೊಂಡು ಸುಮ್ಮನಿರುತ್ತವೆ. ಅದು ದ್ವೀಪಕ್ಕೆ ಏನು ಮಾಡೀತು ಎಂದು ಹೇಳಲು ಈಗ ಇಲ್ಲಿ ಯಾರೂ ಇಲ್ಲ. ಸಾಲನ್ನು ಮತ್ತೆ ನೆಡಬೇಕು. ಬೀಜ ಬೇಕು. ಹಣ್ಣಾದಾಗ, ತೊಳೆದು ಒಣಗಿಸಿದ ಬೀಜ ಮಾತ್ರ.

ನಾನು ಕೇಳುತ್ತಿರುವುದು ಏನೆಂದು ನನಗೆ ಗೊತ್ತಿದೆ. ಇವು ಮೊದಲು ಸಾಯಲೆಂದು ನೆಡುವ ಮರಗಳು.

ದೆಲ್ಫಿನಾ


ಸಾನ್ ಹ್ವಾನ್ ಬೌತಿಸ್ತಾ
22 ಫೆಬ್ರವರಿ 1987

ದೆಲ್ಫಿನಾ,

ಲಕೋಟೆಯಲ್ಲಿ ಎಪ್ಪತ್ತು ಬೀಜ ಇವೆ. ನಿದಿಯಾ ಆರಿಸಿದಳು. ಟೊಳ್ಳು ಬೀಜವನ್ನು ನೀರಿನಲ್ಲಿ ತೇಲಿಸಿ ತೆಗೆದಳು. ನಿನಗೆ ಉತ್ತರ ಬರೆಯುವುದಿಲ್ಲವಂತೆ, ಇದನ್ನೇ ಉತ್ತರ ಅಂದುಕೋ ಎಂದಳು. ಹಾಗೇ ಬರೆದಿದ್ದೇನೆ.

ಸಾಯಲೆಂದು ನೆಡುವ ಮರಕ್ಕೆ ಬೀಜ ಕೊಡುವುದು ಹೇಗೆ ಎಂದು ಊರಲ್ಲಿ ಮಾತಾಯಿತು. "ಕೋಳಿನೂ ಸಾಕ್ತೀವಲ್ಲ," ಎಂದಳು ಚಿಕ್ಕಮ್ಮ. ಅವಳ ಪಾಲಿಗೆ ಹನ್ನೊಂದು ಮರ. ದಿನಾ ಬೆಳಿಗ್ಗೆ ಹೋಗಿ ಒಂದೊಂದನ್ನೂ ಬೈದು ಬರುತ್ತಾಳೆ. ಅಕ್ಟೋಬರ್ ನಂತರ ಎಲ್ಲೂ ಕಡ್ಡಿ ಕಂಡಿಲ್ಲ. ಕಂಡಿಲ್ಲ ಎನ್ನುತ್ತೇನೆ, ಇಲ್ಲ ಎನ್ನುವುದಿಲ್ಲ. ಅದನ್ನು ನಿನ್ನಿಂದ ಕಲಿತೆ.

ಬೀಜ ಮೊಳೆತು, ಕಾಂಡ ಹುಳದ ಕಣ್ಣಿಗೆ ಬೀಳುವಷ್ಟು ದಪ್ಪವಾಗಲು ಆರೇಳು ವರ್ಷ ಬೇಕು ಎಂದು ಸಿಲ್ವಿಯಾ ಹೇಳಿದಳು. ಅಲ್ಲಿಯವರೆಗೆ ಆ ಸಾಲಿನ ಕೆಲಸವನ್ನು ಇಲ್ಲಿ ನಾವೇ ಮಾಡುತ್ತೇವೆ. ನೀನು ನೀರು ಹಾಕು.

ನಿನ್ನ ಅಣ್ಣ
ಅಬೆಲಾರ್ದೊ